ಮುದ್ದೇಬಿಹಾಳದ ಕೊನೆಯ ನಿಮಿಷ

ಬಾಗಿಲ ಮುಂದಿನ ಚಪ್ಪಲಿಗಳ ರಾಶಿಯಲ್ಲಿ ತನ್ನ ಬೂಟಿಗೆ ಜಾಗ ಹುಡುಕುತ್ತ ಬಗ್ಗಿದಾಗಲೇ ದಾನೇಶ್ವರಿಗೆ ಗೊತ್ತಾದದ್ದು, ಸೀಟಿ ಇನ್ನೂ ಕೊರಳಲ್ಲೇ ಇದೆ ಎಂದು. ನಿಡಗುಂದಿಯ ಕಾಲೇಜು ಮೈದಾನದಲ್ಲಿ ತನ್ನ ಹುಡುಗಿಯರಿಗೆ ಬೆಳಗಿನ ಪ್ರ್ಯಾಕ್ಟೀಸು ಮಾಡಿಸುತ್ತಿದ್ದವಳು ಫೋನು ಬಂದದ್ದೇ ತಡ, ನಿಂತ ಕಾಲ ಮೇಲೆ ಬಸ್ಸು ಹತ್ತಿದ್ದಳು. ಬಾಗೇವಾಡಿಯಲ್ಲಿ ಬಸ್ಸು ಬದಲಿಸಿದ್ದಳು, ಹೂವಿನ ಹಿಪ್ಪರಗಿಯಲ್ಲಿ ಚಹಾಕ್ಕೆಂದು ಇಳಿದು ಹೋದ ಡ್ರೈವರನನ್ನು ಹೋಟೆಲಿನ ಒಳಗೇ ಹೋಗಿ ಎಬ್ಬಿಸಿಕೊಂಡು ಬಂದಿದ್ದಳು. ಕೊರಳಲ್ಲಿ ಸೀಟಿ ಹಾಕಿಕೊಂಡು ಜಗಳಾಡುವ ಹೆಣ್ಣುಮಗಳ ಎದುರು ಆ ಡ್ರೈವರನೂ ತುಟಿಪಿಟಕ್ಕೆನ್ನದೆ ಎದ್ದು ಬಂದಿದ್ದ. ಈಗ ಸಿಂದಗಿಯ ಈ ಬಾಗಿಲಲ್ಲಿ ನಿಂತು ಅದನ್ನು ತೆಗೆದು ಕಿಸೆಗೆ ಹಾಕಿಕೊಂಡಳು.

ಒಳಗೆ ಪಡಸಾಲೆಯಲ್ಲಿ ಅಮೀನುದ್ದೀನ ಸರ್ ಮಲಗಿದ್ದರು. ಸ್ನಾನ ಮಾಡಿಸಿ, ಬಿಳಿ ಬಟ್ಟೆ ಸುತ್ತಿ, ಹೊತ್ತೊಯ್ಯುವ ಮಂಚವಾದ ಜನಾಜಾದ ಮೇಲೆ ಮಲಗಿಸಿ ಆಗಿತ್ತು. ಕಡೆಯ ನೋಟಕ್ಕೆಂದು ಮುಖ ಮಾತ್ರ ತೆರೆದಿಟ್ಟಿದ್ದರು. ಸಿಂದಗಿಯ ಡಿಗ್ರಿ ಕಾಲೇಜಿನಲ್ಲಿ ಇಡೀ ನೌಕರಿಯನ್ನು ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸುತ್ತ ಕಳೆದ ಮನುಷ್ಯ. ಪಂದ್ಯ ನಡೆಯುವಾಗ ಇಟ್ಟುಕೊಳ್ಳುತ್ತಿದ್ದ ಮುಖವನ್ನೇ ಈಗಲೂ ಇಟ್ಟುಕೊಂಡಿದ್ದರು. ಗೆಲ್ಲುತ್ತಿದ್ದಾರೋ ಸೋಲುತ್ತಿದ್ದಾರೋ ಆ ಮುಖ ನೋಡಿ ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ.

"ಮುಂಜಾನಿ ನಮಾಜ ಮುಗಿಸ್ಕೊಂಡು ಬಂದ್ರವಾ," ಎಂದಳು ಪಕ್ಕದ ಮನೆಯ ಸಾವಿತ್ರವ್ವ. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು ತನ್ನ ಮನೆಯಿಂದ ದೊಡ್ಡ ಕೆಟ್ಲಿಯಲ್ಲಿ ಚಹಾ ತಂದು ಎಲ್ಲರಿಗೂ ಹಂಚುತ್ತಿದ್ದಳು. "ಕಟ್ಟಿ ಮ್ಯಾಲ ಕುಂತು ಶೇಂಗಾ ಸುಲ್ಯಾಕತ್ತಿದ್ರು. ನನಗೂ ಒಂದು ಹಿಡಿ ಕೊಟ್ರು. ನಾ ಒಳಗ ಹೋಗಿ ಇಟ್ಟು ಬರೂದ್ರಾಗ ಗ್ವಾಡಿಗೆ ತಲಿ ಹಚ್ಚಿ ಮಲಗಿಬಿಟ್ಟಿದ್ರು. ನರಳಲಿಲ್ಲ, ಕೂಗಲಿಲ್ಲ. ಇಂಥಾ ಸಾವು ಬೇಡಿಕೊಂಡ್ರ ಸಿಗ್ತೈತೇನು?"

ಸಾವಿತ್ರವ್ವನ ದನಿಯಲ್ಲಿ ದುಃಖಕ್ಕಿಂತ ಮೆಚ್ಚುಗೆಯೇ ಹೆಚ್ಚಾಗಿತ್ತು. ಮನೆಯೂ ಹಾಗೇ ಇತ್ತು. ಎದೆ ಬಡಿದುಕೊಳ್ಳುವವರು ಯಾರೂ ಇರಲಿಲ್ಲ. ತುಂಬು ಬಾಳು ಬಾಳಿ, ಯಾರ ಕೈಲೂ ಒಂದು ಲೋಟ ನೀರು ತರಿಸಿಕೊಳ್ಳದೆ ಎದ್ದು ಹೋದವರ ಮನೆ ಅದು.

ಸರ್ ಅವರ ಹೆಂಡತಿ ಸುಲ್ತಾನಾ ಚಾಚಿ ದಾನೇಶ್ವರಿಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ನಾಷ್ಟಾ ಮಾಡಿದಿ?"

"ಮಾಡೇನ್ರಿ ಚಾಚಿ."

"ಸುಳ್ಳು ಹೇಳಬ್ಯಾಡ. ಸಾವಿತ್ರವ್ವ, ಈಕಿಗೆ ಒಂದು ಕಪ್ ಚಹಾ ಕೊಡವಾ." ಆಮೇಲೆ ದನಿ ತಗ್ಗಿಸಿದರು. "ದಾನಿ, ಮುಂಜಾನಿಯಿಂದ ಎಲ್ಲಾರನ್ನೂ ಕೇಳೇನಿ. ಹಾಲಿನಾಂವನ್ನ ಕೇಳೇನಿ, ಕಾಲೇಜಿನ ಜವಾನನ್ನ ಕೇಳೇನಿ. ನೀ ಒಬ್ಬಾಕಿ ಉಳದಿ. ಅವರಿಂದ ನಿನಗ ನೋವಾಗಿದ್ರ ಮಾಫ್ ಮಾಡೇನಿ ಅನ್ನು."

ಜನಾಜಾ ಏಳುವ ಮುನ್ನ ಹೋದವರ ಪರವಾಗಿ ಮನೆಯವರು ಕೇಳುವ ಮಾತು ಅದು. ಊಟ ಆಯಿತೇ ಎಂದರೆ ಆಯಿತು ಎನ್ನುವಷ್ಟೇ ಸಲೀಸಾಗಿ ಜನ ಮಾಫ್ ಎನ್ನುತ್ತಾರೆ. ಆದರೆ ಸುಲ್ತಾನಾ ಚಾಚಿಗೆ ಅದು ಬಾಯಿಮಾತಲ್ಲ. ಒಬ್ಬರ ಮನಸ್ಸಿನಲ್ಲಿ ಸಿಟ್ಟು ಉಳಿದರೂ ಹೋದವರ ದಾರಿ ಭಾರವಾಗುತ್ತದೆ ಎಂದು ಅವರು ಗಟ್ಟಿಯಾಗಿ ನಂಬಿದ್ದರು. ದಾನೇಶ್ವರಿಯ ಮನಸ್ಸಿನಲ್ಲಿ ಹದಿನೆಂಟು ವರ್ಷದ ಸಿಟ್ಟು ಇದೆಯೆಂಬುದು ಆ ಮನೆಯ ಬೆಕ್ಕಿಗೂ ಗೊತ್ತಿತ್ತು.

ದಾನೇಶ್ವರಿ ಸಾವಿತ್ರವ್ವನ ಕೈಯಿಂದ ಚಹಾದ ಲೋಟ ಇಸಿದುಕೊಂಡಳು. ಅದರಲ್ಲೇ ಮುಖ ಹುದುಗಿಸಿದಳು.

ಚಾಚಿ ಬೇಜಾರು ಮಾಡಿಕೊಳ್ಳಲಿಲ್ಲ. "ಮಧ್ಯಾಹ್ನದ ಜೋಹರ್ ನಮಾಜಿಗೆ ಒಯ್ಯತಾರ. ಅಷ್ಟರಾಗ ಹೇಳು," ಎಂದು ಅವಳ ಬೆನ್ನು ಸವರಿದರು.

*

ಸರ್ ಕಲಿಸುತ್ತಿದ್ದ ಆ ಕಾಲೇಜಿಗೆ ಮೊದಲು ಸಿಮೆಂಟಿನ ಅಂಗಳ ಇರಲಿಲ್ಲ. ಎರೆಮಣ್ಣಿನ ನೆಲ. ಮಳೆ ಬಂದರೆ ಬೂಟಿಗೆ ಮೆತ್ತಿಕೊಂಡು ಬಿಡುತ್ತಿರಲಿಲ್ಲ, ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಿರುಕು. ಚೆಂಡು ಪುಟಿಸಿದರೆ ಅದು ಎತ್ತ ಹಾರುತ್ತದೆಂದು ದೇವರಿಗೇ ಗೊತ್ತು. ಬೇರೆಯವರಾಗಿದ್ದರೆ ಪ್ರಿನ್ಸಿಪಾಲರ ಕೋಣೆಯ ಮುಂದೆ ನಿಂತು ಗೋಳು ಹೊಯ್ದುಕೊಳ್ಳುತ್ತಿದ್ದರು. ಅಮೀನುದ್ದೀನ ಸರ್ ಚೆಂಡು ಪುಟಿಸುವುದನ್ನೇ ಬಿಡಿಸಿಬಿಟ್ಟರು.

"ಚೆಂಡು ನೆಲಕ್ಕ ಕೊಟ್ರ ಅದು ನೆಲದ ಮಾತು ಕೇಳ್ತೈತಿ," ಎನ್ನುತ್ತಿದ್ದರು. "ಕೈಯಿಂದ ಕೈಗೆ ಕೊಡ್ರಿ. ನಿಮ್ಮ ಮಾತು ಕೇಳ್ತೈತಿ."

ಐದೂ ಜನರ ಕೈ ಮುಟ್ಟದೆ ಚೆಂಡು ಬುಟ್ಟಿಗೆ ಹೋಗಬಾರದು. ಇದು ಕಾಯಿದೆ. ಎದುರಾಳಿಯ ಕಾವಲಿಲ್ಲದೆ ನಿಂತ ಗೆಳತಿಯನ್ನು ಕಂಡವಳು 'ಆಕಿ ಖಾಲಿ ಅದಾಳ, ಕೊಡು' ಎಂದು ಕೂಗಬೇಕು. ವಿಜಯಪುರದ ಸಿಮೆಂಟು ಅಂಗಳಗಳಲ್ಲಿ ಆಡಿ ಬೆಳೆದ ಹುಡುಗಿಯರು ಇವರೆದುರು ಸಂಜೆ ಹೊತ್ತು ಕೋಳಿ ಹಿಡಿಯಲು ಹೊರಟವರಂತೆ ಅಂಗಳದ ತುಂಬ ಓಡಿ ಓಡಿ ಸುಸ್ತಾಗುತ್ತಿದ್ದರು. ಮುಂದೆ ಯಾವುದೋ ಅನುದಾನದಲ್ಲಿ ಸಿಂದಗಿಗೂ ಸಿಮೆಂಟು ಬಂತು. ಸರ್ ಅವರ ಕಾಯಿದೆ ಬದಲಾಗಲಿಲ್ಲ.

ಅವರ ಪಾಠವೂ ವಿಚಿತ್ರ. ಪಂದ್ಯ ನಡೆಯುವಾಗ ಕೂಗಾಡುತ್ತಿರಲಿಲ್ಲ. ಕಿಸೆಯಲ್ಲಿ ಶೇಂಗಾ ಇಟ್ಟುಕೊಂಡು ಒಂದೊಂದೇ ಸುಲಿದು ತಿನ್ನುತ್ತಿದ್ದರು. ಪಂದ್ಯ ಬಿಗಿಯಾದಷ್ಟೂ ಸುಲಿಯುವುದು ನಿಧಾನವಾಗುತ್ತಿತ್ತು. ಟೈಮ್‌ಔಟಿನಲ್ಲಿ ಎಲ್ಲ ಕೋಚುಗಳು ತಾವೇ ಮಾತಾಡಿದರೆ, ಇವರು ಬೆಂಚಿನ ಮೇಲೆ ಕೂತವಳನ್ನು ಮೊದಲು ಕೇಳುತ್ತಿದ್ದರು: "ಏನ್ ಕಾಣಾಕತ್ತೈತಿ?" ಆಡುವವಳಿಗೆ ಚೆಂಡು ಕಾಣುತ್ತದೆ, ಕೂತವಳಿಗೆ ಆಟ ಕಾಣುತ್ತದೆ ಎಂಬುದು ಅವರ ಲೆಕ್ಕ. ಕೂತವಳಿಗೆ ಏನೂ ಕಾಣದಿದ್ದರೆ ಬೈಗುಳ ತಪ್ಪುತ್ತಿರಲಿಲ್ಲ. ಹೀಗಾಗಿ ಅವರ ಬೆಂಚಿನಲ್ಲಿ ತೂಕಡಿಸುವ ಹುಡುಗಿ ಒಬ್ಬಳೂ ಇರಲಿಲ್ಲ.

ಇನ್ನೊಂದು: ಫೌಲ್ ಮಾಡಿದವಳು ರೆಫ್ರಿ ನೋಡಿರಲಿ ಬಿಡಲಿ, ತಾನೇ ಕೈ ಎತ್ತಬೇಕು. ಮಾಡಿದ್ದನ್ನು ಮಾಡಿಲ್ಲ ಎಂದರೆ ಮರುದಿನ ಅಂಗಳಕ್ಕೆ ಬರುವಂತಿಲ್ಲ. ಅವರ ಕೈಯಲ್ಲಿ ಪಳಗಿದವರಿಗೆ ಅಂಗಳದ ಹೊರಗೂ ಸುಳ್ಳು ಹೇಳುವುದು ಕಷ್ಟವಾಗಿಬಿಟ್ಟಿತ್ತು. ಮಾಫ್ ಎಂಬ ಎರಡಕ್ಷರ ದಾನೇಶ್ವರಿಯ ಬಾಯಿಂದ ಹೊರಡದೆ ಉಳಿದದ್ದು ಇದಕ್ಕೇ.

*

"ಒಂದು ಶಬ್ದ ಅಂದು ಮುಗಿಸಲೇ ದಾನಿ," ಎಂದಳು ದುರ್ಗವ್ವ. ಮುದ್ದೇಬಿಹಾಳದಲ್ಲಿ ಪೊಲೀಸ್ ಕಾನ್‌ಸ್ಟೇಬಲ್. ಡ್ಯೂಟಿಯಿಂದ ನೇರವಾಗಿ ಬಂದವಳು ಖಾಕಿಯಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ದಾನೇಶ್ವರಿಯ ಜೊತೆ ಅದೇ ಟೀಮಿನಲ್ಲಿ ಆಡಿದವಳು. "ನಿನ್ನ ಗಂಟೇನು ಹೋಗ್ತೈತಿ?"

"ಅನ್ನಾಕ ಬರವಲ್ಲದು."

"ಹದಿನೆಂಟು ವರ್ಷ ಆತು. ನಾ ಹಿಡದ ಕಳ್ಳರೆಲ್ಲಾ ಬಿಡುಗಡಿ ಆಗಿ ಮನಿಗೆ ಹೋಗ್ಯಾರ. ನೀ ಇನ್ನೂ ಅವರನ್ನ ಒಳಗ ಇಟ್ಟೀಯಲ್ಲ!"

ಸುತ್ತ ಕೂತ ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕರು. ದಾನೇಶ್ವರಿಗೂ ನಗು ಬಂತು. ಬಂದ ನಗುವಿನ ಹಿಂದೆಯೇ ಕಣ್ಣೂ ತುಂಬಿತು. ಸರ್ ಅವರ ಮಗಳು ಗುಲನಾಜ ಅವಳ ಭುಜಕ್ಕೆ ಭುಜ ಹಚ್ಚಿ ಕೂತಳು. ಅವಳೂ ಅಪ್ಪನ ಟೀಮಿನಲ್ಲಿ ಆಡಿದವಳೇ. ಅಪ್ಪನ ಬೈಗುಳ ಮನೆಯಲ್ಲಿ ಒಮ್ಮೆ, ಅಂಗಳದಲ್ಲಿ ಒಮ್ಮೆ ತಿಂದವಳು.

*

ಹದಿನೆಂಟು ವರ್ಷದ ಹಿಂದೆ ಮುದ್ದೇಬಿಹಾಳದಲ್ಲಿ ನಡೆದ ಆ ಫೈನಲ್ ಇಂಡಿ ಕಾಲೇಜಿನ ಎದುರು. ವಿಶ್ವವಿದ್ಯಾಲಯದ ಟೀಮಿಗೆ ಹುಡುಗಿಯರನ್ನು ಆರಿಸುವವರು ಶಾಮಿಯಾನದ ಕೆಳಗೆ ಕೂತಿದ್ದರು. ದಾನೇಶ್ವರಿ ಎತ್ತರದ ಹುಡುಗಿ. ಅವಳ ಕೈಯಿಂದ ಹೊರಟ ಚೆಂಡು ಬುಟ್ಟಿಯ ದಾರಿ ತಪ್ಪುವುದು ಅಪರೂಪ. ಆಯ್ಕೆ ಆದಂತೆಯೇ ಎಂದು ಎಲ್ಲರೂ ಹೇಳುತ್ತಿದ್ದರು, ಅವಳೂ ನಂಬಿದ್ದಳು.

ಕೊನೆಯ ನಿಮಿಷ. ಸಿಂದಗಿ ಒಂದು ಪಾಯಿಂಟು ಹಿಂದೆ. ಸರ್ ಟೈಮ್‌ಔಟ್ ಕೇಳಿದರು. ಬೆಂಚಿನಲ್ಲಿ ಯಶೋಧಾ ಕೂತಿದ್ದಳು. ಮೋರಟಗಿಯಿಂದ ಮೊದಲ ಬಸ್ಸಿಗೆ ಬುತ್ತಿ ಕಟ್ಟಿಕೊಂಡು ಬರುವ ಗಿಡ್ಡ ಹುಡುಗಿ. ಬುಟ್ಟಿಗೆ ಚೆಂಡು ಹಾಕಿದ್ದನ್ನು ಯಾರೂ ನೋಡಿದವರಿಲ್ಲ. ಕೂಲಿ ಬಿಟ್ಟು ಅವಳ ಅಪ್ಪ ಅವತ್ತು ಮೊದಲ ಸಲ ಆಟ ನೋಡಲು ಬಂದು ಹಗ್ಗದ ಆಚೆ ನಿಂತಿದ್ದ. ಸರ್ ಎಂದಿನಂತೆ ಅವಳತ್ತ ಬಗ್ಗಿದರು. ದಾನೇಶ್ವರಿಗೆ ಅದೆಲ್ಲ ನೋಡುವ ವ್ಯವಧಾನ ಎಲ್ಲಿತ್ತು? ಅವಳ ಕಣ್ಣು ಶಾಮಿಯಾನದ ಮೇಲಿತ್ತು.

"ದಾನಿ, ನೀ ಕುಂದ್ರು," ಎಂದರು ಸರ್. "ಯಶೋಧಾ, ಲೇಸ್ ಬಿಗಿ ಮಾಡ್ಕೋ."

ದಾನೇಶ್ವರಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಬೆಂಚಿನ ಮೇಲೆ ಕೂತು ನೋಡಿದಳು: ಚೆಂಡು ಕೈಯಿಂದ ಕೈಗೆ ಹೋಯಿತು, ಬುಟ್ಟಿಯ ಮಗ್ಗುಲಲ್ಲಿ ಒಂಟಿಯಾಗಿ ನಿಂತ ಯಶೋಧಾಳಿಗೆ ಸಿಕ್ಕಿತು, ಅವಳು ಎಸೆದಳು. ಬುಟ್ಟಿಯ ಕಬ್ಬಿಣದ ಬಳೆಯ ಮೇಲೆ ಸುತ್ತು ಹಾಕಿದ ಚೆಂಡು ಹೊರಗೆ ಬಿತ್ತು. ಸೀಟಿ ಊದಿದರು. ಇಂಡಿಯವರು ಕುಣಿದರು. ವಿಶ್ವವಿದ್ಯಾಲಯದ ಟೀಮು ಪ್ರಕಟವಾದಾಗ ಅದರಲ್ಲಿ ದಾನೇಶ್ವರಿ ಇರಲಿಲ್ಲ.

ಒಂದು ವರ್ಷ ಅವಳು ಸರ್ ಜೊತೆ ಮಾತು ಬಿಟ್ಟಳು. ಆಮೇಲೆ ಒಂದು ರಮಜಾನ್ ಹಬ್ಬಕ್ಕೆ, ಬೈದು ಬರೋಣವೆಂದೇ ಅವರ ಮನೆಗೆ ಹೋದಳು. ಸುಲ್ತಾನಾ ಚಾಚಿ ಹಬ್ಬದ ಶ್ಯಾವಿಗೆ ಪಾಯಸ ಸುರಕುಂಬಾದ ಬಟ್ಟಲು ಮುಂದಿಟ್ಟರು. ಅವಳು ಬಟ್ಟಲು, ಚಮಚ, ಲೋಟ ಜೋಡಿಸಿ ಆ ನಿಮಿಷವನ್ನು ಚಾಪೆಯ ಮೇಲೆ ಮತ್ತೆ ಆಡಿಸಿ ತೋರಿಸಿದಳು. ಇಲ್ಲಿ ನಾನಿದ್ದಿದ್ದರೆ ಹೀಗೆ, ಅಲ್ಲಿ ದುರ್ಗವ್ವ ಕೊಟ್ಟಿದ್ದರೆ ಹಾಗೆ. ಸರ್ ಎಲ್ಲ ಕೇಳಿ ಶೇಂಗಾ ಸುಲಿಯುತ್ತ ಹೇಳಿದ್ದು ಒಂದೇ ಮಾತು: "ನನಗ ಹಂಗ ಕಾಣಿಸ್ತು, ತಗದೆ. ನಾ ಮಾಡಿದ್ದು ಬರೋಬ್ಬರಿ ಐತಿ. ಮುಂದಿನ ಹಬ್ಬಕ್ಕ ಬಾ, ಮತ್ತ ಜಗಳಾಡೋಣ."

ಅವಳು ಬಂದಳು. ಪ್ರತಿ ಹಬ್ಬಕ್ಕೂ ಬಂದಳು. ತಾನೇ ನಿಡಗುಂದಿಯಲ್ಲಿ ದೈಹಿಕ ಶಿಕ್ಷಕಿಯಾದ ಮೇಲೆ ಅವಳ ವಾದಕ್ಕೆ ಇನ್ನಷ್ಟು ಹುರುಪು ಬಂತು. ತನ್ನ ಹುಡುಗಿಯರನ್ನು ಆಡಿಸುವಾಗ ಏನಾದರೂ ಹೊಸದು ಹೊಳೆದರೆ, ಇದನ್ನು ಹಬ್ಬದ ದಿನ ಸರ್ ಮುಖಕ್ಕೆ ಹೇಳಬೇಕು ಎಂದು ಎತ್ತಿಟ್ಟುಕೊಳ್ಳುತ್ತಿದ್ದಳು. "ಇವರಿಬ್ಬರ ಜಗಳದಾಗ ನನ್ನ ಸುರಕುಂಬಾ ಆರಿ ಹೋಗ್ತೈತಿ," ಎಂದು ಚಾಚಿ ಗೊಣಗುವುದು, ಸರ್ ಒಳಗೊಳಗೇ ನಗುವುದು. ಆ ಜಗಳ ಅವಳಿಗೆ ತವರಿನ ದಾರಿಯಾಗಿತ್ತು. ಈಗ ಮಾಫ್ ಎಂದುಬಿಟ್ಟರೆ ಜಗಳ ಮುಗಿಯುತ್ತದೆ. ಜಗಳ ಮುಗಿದರೆ ಸರ್ ನಿಜವಾಗಿಯೂ ಹೋದಂತೆ. ಅವಳಿಗೆ ಅದು ಬೇಡವಾಗಿತ್ತು.

*

ಬಿಸಿಲು ಏರಿತು. ಕಿಟಕಿಯ ಆಚೆ ಅಂಗಳದ ಬೇವಿನ ಗಿಡದ ಕೆಳಗೆ ಗಂಡಸರು ಕೂತು ಮಾತಾಡುತ್ತಿದ್ದರು. ಅವರಲ್ಲಿ ರಾವಸಾಬರೂ ಇದ್ದರು. ಇಂಡಿ ಕಾಲೇಜಿನ ಹಳೆಯ ಕೋಚ್, ಅಮೀನುದ್ದೀನ ಸರ್ ಎದುರು ಟೀಮು ಕಟ್ಟಿ ಕಟ್ಟಿ ಸೋತವರು.

"ಅವರ ಟೀಮಿನಾಗ ಯಾರನ್ನ ಹಿಡೀಬೇಕು ಅಂತ ನನಗ ಎಂದೂ ತಿಳೀಲಿಲ್ರಿ," ಎನ್ನುತ್ತಿದ್ದರು. "ಒಬ್ಬಾಕಿನ್ನ ಹಿಡದ್ರ ಇನ್ನೊಬ್ಬಾಕಿ ಹಾಕ್ತಿದ್ಲು. ಬಂಗಾರದಂಥ ಆಟ. ಮುದ್ದೇಬಿಹಾಳದಾಗ ಒಂದು ಸಲ ಮಾತ್ರ ತಿಳೀತು ನೋಡ್ರಿ. ಆ ವರ್ಷ ಒಬ್ಬಾಕಿ ಉದ್ದನ್ನ ಹುಡುಗಿ ಇದ್ಲು. ಕಡಿ ಕಡಿಗೆ ಚೆಂಡು ಆಕಿ ಕೈಗೆ ಬಂದ್ರ ಮತ್ತ ಹೊರಗ ಹೋಗ್ತಿದ್ದಿಲ್ಲ. ಇಬ್ಬರನ್ನ ಆಕಿ ಮ್ಯಾಲ ಬಿಟ್ಟೆ, ಆಟ ನನ್ನ ಕೈಗೆ ಬಂತು. ಆದ್ರ ಅಮೀನುದ್ದೀನರು ಕಡೀಕ ಆಕಿನ್ನ ತಗದ್ರಲ್ಲ, ನನ್ನ ಜೀವಾನ ಹೋಗಿತ್ತು. ನಮ್ಮ ಇಬ್ಬರು ಹುಡುಗ್ಯಾರು ಯಾರನ್ನ ಕಾಯಬೇಕು ತಿಳೀದ ಹಂಗ ನಿಂತುಬಿಟ್ರು. ಆ ಗಿಡ್ಡ ಹುಡುಗಿ ಒಬ್ಬಾಕಿನ ನಿಂತಿದ್ಲು ಬುಟ್ಟಿ ಕೆಳಗ. ನಮ್ಮ ನಸೀಬ, ಬೀಳಲಿಲ್ಲ."

ಆ ಉದ್ದನ್ನ ಹುಡುಗಿ ಕಿಟಕಿಯ ಈಚೆ ಚಹಾದ ಲೋಟ ಹಿಡಿದು ಕೂತಿದ್ದಳು. ದುರ್ಗವ್ವ ಅವಳ ಮುಖ ನೋಡಿ, ತಾನು ಏನೂ ಕೇಳಿಲ್ಲವೆಂಬಂತೆ ಬೆಲ್ಟು ಸರಿಮಾಡಿಕೊಳ್ಳತೊಡಗಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಯಶೋಧಾ ಕಾಣಿಸಿಕೊಂಡಳು. ಇಂಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಬಸ್ಸು ತಡವಾಗಿ, ಬಸ್‌ಸ್ಟ್ಯಾಂಡಿನಿಂದ ಓಡಿ ಬಂದಿದ್ದಳು. ಸರ್ ಮುಖ ನೋಡಿ ಸ್ವಲ್ಪ ಹೊತ್ತು ಅತ್ತಳು, ಮೂಗು ಒರೆಸಿಕೊಂಡಳು, ಚಾಚಿಯ ಕಾಲ ಬಳಿ ಕೂತಳು. ಚಾಚಿ ಅವಳಿಗೂ ಅದನ್ನೇ ಕೇಳಿದರು.

"ನಾ ಏನ್ ಮಾಫ್ ಮಾಡ್ಲಿ ಚಾಚಿ," ಎಂದಳು ಯಶೋಧಾ. "ನನ್ನ ಸಲುವಾಗಿ ಅವರು ಇಷ್ಟು ವರ್ಷ ಈಕಿ ಕಡಿಂದ ಬೈಸ್ಕೊಂಡಾರ."

"ಏನಂದಿ?" ಎಂದಳು ದಾನೇಶ್ವರಿ.

ಯಶೋಧಾ ಅವಳತ್ತ ತಿರುಗಿದಳು. "ಅವತ್ತು ಸರ್ ನನ್ನ ಕೇಳಿದ್ರು, ಏನ್ ಕಾಣಾಕತ್ತೈತಿ ಅಂತ. ದಾನಿ ಮ್ಯಾಲ ಇಬ್ಬರು ಅದಾರ್ರಿ, ಆಕಿ ಚೆಂಡು ಬಿಡವಲ್ಲಳ್ರಿ, ಆಕಿನ್ನ ತಗೀರಿ ಅಂತ ನಾನೇ ಹೇಳಿದೆ. ಯಾರನ್ನರೆ ಹಾಕ್ತಾರ ಬಿಡು ಅನ್ಕೊಂಡಿದ್ದೆ. ಕಂಡಾಕಿನ ಹೋಗಿ ಆಡು ಅಂತ ನನ್ನ ದಬ್ಬಿದ್ರು."

ದಾನೇಶ್ವರಿ ಚಹಾದ ಲೋಟ ನೆಲಕ್ಕಿಟ್ಟಳು.

"ನನಗ ಯಾಕ ಹೇಳಲಿಲ್ಲ?"

"ಹೇಳಾಕ ಹೊಂಟಿದ್ದೆ. ಸರ್ ಬ್ಯಾಡ ಅಂದ್ರು. 'ಆಕಿಗೆ ಜಗಳಾಡಾಕ ನಾ ಒಬ್ಬಾಂವ ಸಾಕು. ನೀವಿಬ್ಬರೂ ಗೆಳತ್ಯಾರ ಇರ್ರಿ' ಅಂದ್ರು."

ದಾನೇಶ್ವರಿಗೆ ಮೊದಲು ಬಂದದ್ದು ಸಿಟ್ಟೇ. ಆದರೆ ಅದನ್ನು ಯಾರ ಮೇಲೆ ಇಳಿಸುವುದೋ ತಿಳಿಯಲಿಲ್ಲ. ತನ್ನ ಮದುವೆಗೆ ಕುಪ್ಪಸ ಹೊಲಿದುಕೊಟ್ಟವಳು ಯಶೋಧಾ. ಬಾಣಂತನದಲ್ಲಿ ಇಂಡಿಯಿಂದ ಅಂಟಿನ ಉಂಡಿ ಕಟ್ಟಿಕೊಂಡು ಬಂದವಳು ಯಶೋಧಾ. ಅವತ್ತು ಈ ಮಾತು ಗೊತ್ತಾಗಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ. ಆಗಿನ ತನ್ನ ಸ್ವಭಾವ ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

"ಚೆಂಡು ಹಾಕಾಕರ ಬರ್ತಿತ್ತೇನು ನಿನಗ?" ಎಂದಳು ಕೊನೆಗೆ.

"ಇಲ್ಲ. ಅದಕ್ಕ ಬೀಳಲಿಲ್ಲ. ಆದ್ರ ನಾ ಕಂಡಿದ್ದು ಖರೇ ಐತಿ. ಈಗ ಕೇಳಿದ್ರೂ ಅದನ್ನ ಹೇಳ್ತೇನಿ." ಯಶೋಧಾ ಅಳುತ್ತಲೇ ನಕ್ಕಳು. "ನಮ್ಮಪ್ಪಗ ಅದು ಬಿದ್ದಿಲ್ಲ ಅನ್ನೂದ ತಿಳೀಲಿಲ್ಲ ನೋಡು. ಚಪ್ಪಾಳಿ ಹೊಡದ. ಸಾಯೂತನ, ನನ್ನ ಮಗಳು ಮುದ್ದೇಬಿಹಾಳದಾಗ ಗೆದ್ಲು ಅಂತ ಊರತುಂಬ ಹೇಳ್ಕೋತ ಅಡ್ಡಾಡಿದ."

ಗುಲನಾಜ ಮೊದಲು ನಕ್ಕಳು, ಆಮೇಲೆ ದುರ್ಗವ್ವ, ಆಮೇಲೆ ಸುಲ್ತಾನಾ ಚಾಚಿಯೇ ಸೆರಗು ಬಾಯಿಗೆ ಒತ್ತಿಕೊಂಡರು. ಹೊರಗೆ ಗಂಡಸರು ಇದೇನು ಎಂದು ಕಿಟಕಿಯತ್ತ ಕತ್ತು ಚಾಚಿದರು.

ಮಸೀದಿಯ ಕಡೆಯಿಂದ ಅಜಾನ್ ಕೇಳಿಸಿತು. ಅದು ಮುಗಿದ ಮೇಲೆ ಸರ್ ಅವರ ಮಗ ಇಜಾಜ ಅಂಗಳದಲ್ಲಿ ನಿಂತು ಕೂಗಿ ಹೇಳಿದ: "ನಮ್ಮ ಅಬ್ಬಾನಿಂದ ಯಾರಿಗರೆ ನೋವಾಗಿದ್ರ, ದೊಡ್ಡ ಮನಸ್ಸು ಮಾಡಿ ಮಾಫ್ ಮಾಡ್ರಿ." ಮಾಫ್, ಮಾಫ್ ಎಂದು ಗಂಡಸರ ದನಿಗಳು ಬಂದವು. ರಾವಸಾಬರ ದನಿ ಎಲ್ಲಕ್ಕಿಂತ ಜೋರಾಗಿತ್ತು. ಚಾಚಿ ದಾನೇಶ್ವರಿಯನ್ನು ನೋಡಿದರು. ಗುಲನಾಜ ಅಪ್ಪನ ಮುಖದ ಮೇಲೆ ಬಟ್ಟೆ ಎಳೆದಳು.

ಜನಾಜಾ ಎತ್ತಲು ಇಜಾಜ ಮೂವರನ್ನು ಕರೆದುಕೊಂಡು ಬಾಗಿಲಿಗೆ ಬಂದ. ಪಡಸಾಲೆಯ ತುಂಬ ಹೆಂಗಸರು, ಕಾಲಿಡಲು ಜಾಗವಿಲ್ಲ.

"ನೀವು ಅಲ್ಲೇ ನಿಲ್ರಿ," ಎಂದರು ಸುಲ್ತಾನಾ ಚಾಚಿ. "ಹೊಸ್ತಿಲ ತನಕ ಅವರ ಹುಡುಗ್ಯಾರು ತರ್ತಾರ."

"ಅಂಥಾ ರೂಢಿ ಇಲ್ಲ ತಂಗಿ," ಎಂದರು ಹಿರಿಯರೊಬ್ಬರು.

"ಹೊಸ್ತಿಲ ಹೊರಗ ನಿಮ್ಮ ರೂಢಿ ನಡೀಲಿ. ಒಳಗ ಇದು ನನ್ನ ಮನಿ."

ಹಿರಿಯರು ಮೌಲ್ವಿ ಸಾಹೇಬರ ಮುಖ ನೋಡಿದರು. ಮೌಲ್ವಿ ಸಾಹೇಬರಿಗೆ ಆ ಹೊತ್ತಿನಲ್ಲಿ ಬೇವಿನ ಗಿಡದಲ್ಲಿ ಏನೋ ಬಹಳ ಮುಖ್ಯವಾದದ್ದು ಕಾಣಿಸಿತ್ತು.

ಮುಂದೆ ದಾನೇಶ್ವರಿ, ದುರ್ಗವ್ವ. ಹಿಂದೆ ಗುಲನಾಜ, ಯಶೋಧಾ. ಎತ್ತಿದರು. ಇಷ್ಟೇ ಭಾರವೇ ಸರ್ ಎಂದು ದಾನೇಶ್ವರಿಗೆ ಆಶ್ಚರ್ಯವಾಯಿತು. ಹೆಂಗಸರು ಗೋಡೆಗೆ ಒತ್ತಿ ದಾರಿ ಬಿಟ್ಟರು. ಹೊಸ್ತಿಲ ಬಳಿ ದುರ್ಗವ್ವನ ಕಡೆಯ ಹಿಡಿ ಗಂಡಸರ ಹೆಗಲಿಗೆ ಹೋಯಿತು. ದಾನೇಶ್ವರಿಯ ಎದುರು ಇಜಾಜ ಕೈ ಚಾಚಿ ನಿಂತಿದ್ದ. ಅವಳು ಬಿಡಲಿಲ್ಲ. ಬೆರಳು ಬಿಳಚಿಕೊಳ್ಳುವಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದಳು. ಇಜಾಜ "ಅಕ್ಕಾ" ಎಂದ. ಅವಳಿಗೆ ಕೇಳಿಸಲಿಲ್ಲ.

"ದಾನಿ," ಎಂದಳು ಹಿಂದಿನಿಂದ ಯಶೋಧಾ, ಮೆಲ್ಲಗೆ. "ಇಜಾಜ ಖಾಲಿ ಅದಾನ. ಕೊಡು."

"ಮಾಫ್ ಸರ್," ಎಂದಳು ದಾನೇಶ್ವರಿ, ಹಿಂದೆ ನಿಂತ ಚಾಚಿಗೂ ಕೇಳುವಷ್ಟು ಗಟ್ಟಿಯಾಗಿ. ಬೆರಳು ಬಿಚ್ಚಿದಳು. ಜನಾಜಾ ಅವಳ ಕೈಯಿಂದ ಇಜಾಜನ ಕೈಗೆ, ಅಲ್ಲಿಂದ ಅವನ ಹೆಗಲಿಗೆ, ಅಂಗಳದ ಆಚೆ ಕಾದು ನಿಂತವರ ಹೆಗಲಿಗೆ ಹೋಯಿತು. ಅದು ಓಣಿಯ ತಿರುವಿನಲ್ಲಿ ಮರೆಯಾಗುವವರೆಗೂ ಅವಳ ಎರಡೂ ಕೈಗಳು ಹೊಸ್ತಿಲ ಮೇಲೆ, ಬಿಸಿಲಿಗೆ ಚಾಚಿಕೊಂಡೇ ಇದ್ದವು.